ಮುಕ್ಕಾಲು ಇಂಚಿನ ಜೋಳದ ರೊಟ್ಟಿ

ನಮ್ಮ ಕೊಪ್ಪಳದ ಕಡೆ ಮಕ್ಕಳ ಕೈಗೆ ಮಣ್ಣು ಹೊಸದಲ್ಲ. ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ ಮಾಡದೆ ಬೆಳೆದವರು ನನ್ನ ಓರಗೆಯಲ್ಲಿ ಕಡಿಮೆ. ಆದರೆ ಅದೇ ಮಣ್ಣಿನಲ್ಲಿ ಉಗುರಿನಷ್ಟು ಚಿಕ್ಕ ವಸ್ತು ಮಾಡಲು ಹೋದರೆ ಅದು ಒಣಗುವಾಗ ಬಿರಿಯುತ್ತದೆ, ಉಳಿದದ್ದು ಮುಟ್ಟಿದರೆ ಮುರಿಯುತ್ತದೆ. ಮೂರು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ನನ್ನ ಮಗಳೂ ಓಣಿಯ ಐದು ಮಕ್ಕಳೂ ಸೇರಿ ರಟ್ಟಿನಲ್ಲಿ ಬೆಳಕಿಂಡಿಯಿರುವ ಮಾಳಿಗೆ ಮನೆಯೊಂದನ್ನು ಕಟ್ಟಿ, ಅದರ ಅಡುಗೆಮನೆಗೆ ಪಾತ್ರೆಯೂ ಊಟವೂ ಬೇಕೆಂದು ಹಟ ಹಿಡಿದಾಗ ನಾನು ಪಾಲಿಮರ್ ಕ್ಲೇ ತರಿಸಿದೆ.

ಹೆಸರಿನಲ್ಲಿ ಕ್ಲೇ ಎಂದಿದ್ದರೂ ಇದರಲ್ಲಿ ಮಣ್ಣಿಲ್ಲ. ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ನುಣ್ಣನೆಯ ಪುಡಿಗೆ ಅದನ್ನು ಮೆದುವಾಗಿಡುವ ದ್ರವವನ್ನೂ ಬಣ್ಣವನ್ನೂ ಸೇರಿಸಿ ಮಾಡಿದ ಕಣಕ ಇದು. ಗಾಳಿಗೆ ಒಣಗುವುದಿಲ್ಲ, ಓವನ್ನಿನಲ್ಲಿ ಬೆಂದಾಗ ಮಾತ್ರ ಗಟ್ಟಿಯಾಗುತ್ತದೆ. ಈ ಗುಣ ತಿಳಿಯದೆ ಮೇ ತಿಂಗಳಲ್ಲಿ ಕೊರಿಯರ್ ಮೂಲಕ ತರಿಸಿದ್ದು ನನ್ನ ಮೊದಲ ತಪ್ಪು. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಳಿಯ ಎರಡು ಕಟ್ಟುಗಳು ಅರೆಬೆಂದು ಪುಡಿಪುಡಿಯಾಗಿದ್ದವು, ಉಳಿದವು ಬೆಣ್ಣೆಯಂತೆ ಕೈಗೆ ಅಂಟುತ್ತಿದ್ದವು. ಅಂಟುವ ಕ್ಲೇಯನ್ನು ತೆಳ್ಳಗೆ ಲಟ್ಟಿಸಿ ಎರಡು ಬಿಳಿ ಹಾಳೆಗಳ ನಡುವೆ ಒಂದು ರಾತ್ರಿ ಒತ್ತಿಟ್ಟರೆ ಹೆಚ್ಚಿನ ಜಿಡ್ಡನ್ನು ಕಾಗದ ಹೀರಿಕೊಳ್ಳುತ್ತದೆ. ಈಗ ನಾನು ಕ್ಲೇ ತರಿಸುವುದು ದೀಪಾವಳಿಯ ನಂತರವೇ. ಬೇಸಿಗೆಯಲ್ಲಿ ಅದನ್ನು ಬಟರ್ ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟು, ಬೆಳಗಿನ ಏಳರಿಂದ ಒಂಬತ್ತರವರೆಗೆ ಮಾತ್ರ ಮಕ್ಕಳನ್ನು ಕೂರಿಸುತ್ತೇನೆ.

ಗೊಂಬೆಮನೆ ಮಾಡುವವರಲ್ಲಿ ಬಹಳ ಮಂದಿ ಅನುಸರಿಸುವ ಅಳತೆ ಹನ್ನೆರಡಕ್ಕೆ ಒಂದು, ಅಂದರೆ ನಿಜವಾದ ಒಂದು ಅಡಿ ಇಲ್ಲಿ ಒಂದು ಇಂಚು. ಮೊದಲ ದಿನ ಇದನ್ನು ಹೇಳಿಕೊಡದೆ ಮಕ್ಕಳ ಪಾಡಿಗೆ ಬಿಟ್ಟಿದ್ದೆ. ರೊಟ್ಟಿ ಒಲೆಗಿಂತ ದೊಡ್ಡದಾಯಿತು, ಮೆಣಸಿನಕಾಯಿ ಗೊಂಬೆಯ ಮೊಣಕೈವರೆಗೆ ಬಂತು. ಎರಡನೆಯ ದಿನ ಕ್ಲೇ ಮುಟ್ಟಿಸಲೇ ಇಲ್ಲ. ಸ್ಕೇಲ್ ಕೊಟ್ಟು ಎಲ್ಲರನ್ನೂ ಅವರವರ ಅಡುಗೆಮನೆಗೆ ಕಳಿಸಿದೆ. ಒಂಬತ್ತು ಇಂಚಿನ ರೊಟ್ಟಿ ಮುಕ್ಕಾಲು ಇಂಚಾಯಿತು, ಒಂದು ಅಡಿ ಎತ್ತರದ ಕೊಡ ಒಂದು ಇಂಚಾಯಿತು, ಆರು ಇಂಚಿನ ಮಿರ್ಚಿ ಅರ್ಧ ಇಂಚಾಯಿತು. ಹನ್ನೆರಡರ ಮಗ್ಗಿಗೆ ಬೆನ್ನು ತಿರುಗಿಸುತ್ತಿದ್ದ ಹುಡುಗನೊಬ್ಬ ಸಂಜೆಯೊಳಗೆ ತನ್ನ ಮನೆಯ ಒಳಕಲ್ಲು, ಮಣೆ, ಸೌಟು ಎಲ್ಲವನ್ನೂ ಅಳೆದು ಒಂದು ಪುಟ ತುಂಬಿಸಿ ತಂದ. ಅದೇ ಉತ್ಸಾಹದಲ್ಲಿ ಮಕ್ಕಳು ಪಕ್ಕದ ಕಿನ್ನಾಳದ ಕಟ್ಟಿಗೆಯ ಗೊಂಬೆಯೊಂದನ್ನು ಈ ಮನೆಯ ಯಜಮಾನಿಯಾಗಿ ತರಬೇಕೆಂದರು. ಮನೆಯಲ್ಲಿದ್ದ ಗೊಂಬೆ ಎಂಟು ಇಂಚಿನದು, ಲೆಕ್ಕ ಹಾಕಿದರೆ ಎಂಟು ಅಡಿಯ ಹೆಂಗಸು! ಆಕೆಯನ್ನು ಮನೆಯ ಹೊರಗೇ ನಿಲ್ಲಿಸಬೇಕಾಯಿತು.

ರೊಟ್ಟಿ ಸುಲಭವೆಂದು ಎಲ್ಲರಿಗೂ ಅನಿಸುತ್ತದೆ. ಬರೀ ಬಿಳಿ ಕ್ಲೇಯಲ್ಲಿ ಮಾಡಿದರೆ ಅದು ಸುಣ್ಣದ ಬಿಲ್ಲೆಯಂತೆ ಕಾಣುತ್ತದೆ. ನಾವು ಎರಡು ಪಾಲು ಬಿಳಿಗೆ ಒಂದು ಪಾಲು ಪಾರದರ್ಶಕ ಕ್ಲೇ ಬೆರೆಸಿ, ಸಾಸಿವೆ ಕಾಳಿನಷ್ಟು ಹಳದಿ, ಅದಕ್ಕೂ ಕಡಿಮೆ ಕಂದು ಸೇರಿಸುತ್ತೇವೆ. ಲಟ್ಟಿಸಿ ಮುಚ್ಚಳದಿಂದ ಕತ್ತರಿಸಿದರೆ ಅಂಚು ಚಪಾತಿಯಂತೆ ನುಣುಪಾಗುತ್ತದೆ. ಬಡಿದ ರೊಟ್ಟಿಯ ಅಂಚಿನಲ್ಲಿ ಸಣ್ಣ ಬಿರುಕುಗಳಿರಬೇಕು. ಆದ್ದರಿಂದ ಕಡಲೆ ಗಾತ್ರದ ಉಂಡೆಯನ್ನು ಹಳೆಯ ಟೈಲ್ಸ್ ತುಂಡಿನ ಮೇಲಿಟ್ಟು ಬೆರಳ ತುದಿಯಿಂದ ತಟ್ಟುತ್ತಾ, ಅಂಚನ್ನು ಟೂತ್‌ಪಿಕ್ಕಿನಿಂದ ಅಲ್ಲಲ್ಲಿ ಸೀಳುತ್ತೇವೆ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಮೇಲೆ ಒತ್ತಿದರೆ ಹಿಟ್ಟಿನ ತರಿ ಬರುತ್ತದೆ, ಬೆರಳಚ್ಚೂ ಮರೆಯಾಗುತ್ತದೆ. ಕಂದು ಬಣ್ಣದ ಒಣ ಪೇಸ್ಟಲನ್ನು ಬ್ಲೇಡಿನಿಂದ ಕೆರೆದು (ಈ ಕೆಲಸ ನನ್ನದು), ಆ ಪುಡಿಯನ್ನು ಮೆತ್ತನೆಯ ಕುಂಚದಿಂದ ಹಸಿ ಕ್ಲೇಗೆ ಮುಟ್ಟಿಸಿದರೆ ಹಂಚಿನ ಚುಕ್ಕೆಗಳು ಮೂಡುತ್ತವೆ. ಬೆಂದ ಮೇಲೆ ಈ ಪುಡಿ ಅಷ್ಟಾಗಿ ಹಿಡಿಯುವುದಿಲ್ಲ.

ಬೇಯಿಸುವ ಕೆಲಸದಲ್ಲಿ ನನಗೆ ಆದ ಅನಾಹುತವನ್ನು ಮುಚ್ಚಿಡಬಾರದು. ಪೊಟ್ಟಣದ ಮೇಲೆ 130 ಡಿಗ್ರಿ ಸೆಲ್ಸಿಯಸ್ ಎಂದಿತ್ತು, ಓವನ್ನಿನ ಡಯಲ್ಲನ್ನು ಅಲ್ಲಿಗೇ ತಿರುಗಿಸಿದ್ದೆ. ಹತ್ತು ನಿಮಿಷದಲ್ಲಿ ಕಣ್ಣು, ಗಂಟಲು ಉರಿಯುವಂಥ ಘಾಟು ಎದ್ದಿತು, ಮಕ್ಕಳನ್ನೆಲ್ಲ ಅಂಗಳಕ್ಕೆ ಓಡಿಸಿ ಕಿಟಕಿ ತೆರೆದೆ. ಪಿವಿಸಿ ಮಿತಿಮೀರಿ ಕಾಯ್ದರೆ ಹೈಡ್ರೋಜನ್ ಕ್ಲೋರೈಡ್ ಹೊರಬರುತ್ತದೆ, ಅದು ಉಸಿರಿಗೆ ಒಳ್ಳೆಯದಲ್ಲ. ಆಮೇಲೆ ಓವನ್ನಿನೊಳಗೆ ಇಡುವ ಥರ್ಮಾಮೀಟರ್ ತಂದು ನೋಡಿದರೆ ಡಯಲ್ 130 ಎಂದಾಗ ಒಳಗಿನ ಶಾಖ 180ರ ಆಸುಪಾಸಿನಲ್ಲಿತ್ತು. ಅಂದಿನಿಂದ ನಾನು ನಂಬುವುದು ಥರ್ಮಾಮೀಟರನ್ನೇ. ಮೊದಲು ಖಾಲಿ ಓವನ್ ಕಾಯಿಸಿ, ಟೈಲ್ಸಿನ ಮೇಲೆ ಬಿಳಿ ಹಾಳೆ ಹಾಸಿ ವಸ್ತುಗಳನ್ನು ಜೋಡಿಸಿ, ಬಿಳಿ ಬಣ್ಣ ಹಳದಿಗೆ ತಿರುಗದಂತೆ ಮೇಲೆ ಫಾಯಿಲ್ ಮುಚ್ಚಿ, ಇಪ್ಪತ್ತು ನಿಮಿಷ ಬೇಯಿಸುತ್ತೇನೆ. ಬಿಸಿಯಿದ್ದಾಗ ಅವು ಮೆತ್ತಗೇ ಇರುತ್ತವೆ, ಬೆಂದಿಲ್ಲವೆಂದು ಮತ್ತೆ ಒಳಗೆ ತಳ್ಳಬಾರದು. ಆರಿದ ಮೇಲೆ ತೆಳುವಾದ ರೊಟ್ಟಿಯನ್ನು ತುಸು ಬಗ್ಗಿಸಿದರೆ ಬಗ್ಗಬೇಕು. ಪಟ್ಟನೆ ಮುರಿದರೆ ಬೇಯುವುದು ಕಡಿಮೆಯಾಗಿದೆ ಎಂದರ್ಥ. ಮೈಕ್ರೊವೇವ್ ಈ ಕೆಲಸಕ್ಕೆ ಸಲ್ಲದು. ಕ್ಲೇಗೆ ಬಳಸಿದ ಲಟ್ಟಣಿಗೆ, ತಟ್ಟೆಗಳು ಮತ್ತೆ ಅಡುಗೆಗೆ ಹೋಗುವಂತಿಲ್ಲ, ಮತ್ತು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ತಮ್ಮ-ತಂಗಿಯರಿಗೆ ನಮ್ಮ ಕೋಣೆಗೆ ಪ್ರವೇಶವಿಲ್ಲ.

ನಮ್ಮೂರಿನ ಮನೆಯಾದ ಮೇಲೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಇಲ್ಲದಿದ್ದರೆ ಹೇಗೆ? ಮಿರ್ಚಿ ಬೇಗ ಒಲಿಯಿತು: ಹಸಿರು ಎಳೆಯ ಮೇಲೆ ಕಡಲೆಹಿಟ್ಟಿನ ಬಣ್ಣದ ಕ್ಲೇ ಸುತ್ತಿ, ಸೂಜಿಯಿಂದ ಕೆದರಿ, ತೊಟ್ಟಿನ ತುದಿಯನ್ನು ಹೊರಗೆ ಬಿಟ್ಟರಾಯಿತು. ಮಂಡಕ್ಕಿಯ ಕಾಳು ಮಾತ್ರ ಈ ಅಳತೆಯಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ. ನನ್ನ ಮಗಳು ಅಡುಗೆಮನೆಯಿಂದ ಉಪ್ಪಿಟ್ಟಿನ ರವೆ ತಂದು, ಅರಿಶಿನ ಸವರಿ, ಬಿಳಿ ಅಂಟಿನಲ್ಲಿ ಕಲಸಿ ತಟ್ಟೆ ತುಂಬಿದಳು. ನಾನು ಮಾಡಿದ್ದಕ್ಕಿಂತ ಅದೇ ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಮಳೆಗಾಲ ಬರುವಷ್ಟರಲ್ಲಿ ಅದಕ್ಕೆ ನುಸಿ ಹತ್ತಿ ತಟ್ಟೆ ಬರಿದಾಯಿತು. ಈಗ ಕ್ಲೇಯ ನೂಲಿನಂಥ ಎಳೆ ತೆಗೆದು, ಬೇಯಿಸಿ, ನಂತರ ಕೊಚ್ಚುತ್ತೇವೆ. ಹಸಿಯಾಗಿ ಕೊಚ್ಚಿದರೆ ಕಾಳು ಚಪ್ಪಟೆಯಾಗುತ್ತದೆ.

ಕೆಲಸವೆಲ್ಲ ಮುಗಿಯಿತೆಂದು ಒಬ್ಬ ಹುಡುಗಿ ತನ್ನ ಅಜ್ಜಿಯನ್ನು ಕರೆತಂದು ತೋರಿಸಿದಳು. ಅಜ್ಜಿ ಒಂದು ರೊಟ್ಟಿಯನ್ನು ಅಂಗೈಯಲ್ಲಿಟ್ಟುಕೊಂಡು, ಕಣ್ಣಿನ ಹತ್ತಿರ ತಂದು, ಹಿಂದೆ ಮುಂದೆ ತಿರುಗಿಸಿ, "ಎರಡೂ ಕಡಿ ಒಂದ ನಮೂನಿ ಐತಲ್ಲವಾ, ನೀರು ಹಚ್ಚಿದ ಕಡಿ ಯಾವುದು?" ಎಂದು ಕೇಳಿದರು. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ನೀರು ಸವರುವ ಮೈ ನುಣುಪಾಗಿ, ಬೇರೆಯಾಗಿಯೇ ಇರುತ್ತದೆ. ದಿನವೂ ರೊಟ್ಟಿ ಬಡಿಯುವ ನನಗೇ ಅದು ಹೊಳೆದಿರಲಿಲ್ಲ. ಮರುದಿನ ಏಳು ರೊಟ್ಟಿಗಳನ್ನು ಹೊಸದಾಗಿ ಮಾಡಿ, ಒಂದು ಮೈಗೆ ಮಾತ್ರ ಬ್ರಷ್ಷಿನ ತರಿ ಕೊಟ್ಟು, ಇನ್ನೊಂದನ್ನು ಬೆರಳಿನಿಂದ ಸವರಿ ನುಣುಪು ಮಾಡಿದೆವು.

ಅಜ್ಜಿ ಅವುಗಳನ್ನು ಒಪ್ಪಿಕೊಂಡು, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಆಗಬೇಕೆಂದು ಹೇಳಿಹೋದರು. ಮೂರು ಮಿಲಿಮೀಟರಿನ ಎಳ್ಳು ನಮ್ಮ ಲೆಕ್ಕದಲ್ಲಿ ಕಾಲು ಮಿಲಿಮೀಟರ್. ಗಸಗಸೆ ಅಂಟಿಸೋಣ ಎಂದವನಿಗೆ ಉಳಿದವರು ನುಸಿಯ ನೆನಪು ಮಾಡಿಕೊಟ್ಟರು. ಅಳೆದು ನೋಡಿದರೆ ಗಸಗಸೆಯೂ ಆ ರೊಟ್ಟಿಯ ಮೇಲೆ ಕಡಲೆಕಾಳಿನಷ್ಟು ದೊಡ್ಡದು. ಸದ್ಯಕ್ಕೆ ಸೂಜಿಯ ಮೊನೆಯಲ್ಲಿ ಬಿಳಿ ಬಣ್ಣ ಅದ್ದಿ ಚುಕ್ಕೆ ಇಡುತ್ತಿದ್ದೇವೆ, ಒಂದು ರೊಟ್ಟಿಗೆ ಅರ್ಧ ಗಂಟೆ ಹಿಡಿಯುತ್ತಿದೆ.