ಮೊದಲ ಬಸ್ಸಿನವರ ಕೈಗೆ ಬೀಗದ ಕೈ

ನಮ್ಮ ಸಂಗೀತ ಬಳಗಕ್ಕೆ ಮೂರು ವರ್ಷ ತುಂಬಿತು. ಕಾಲೇಜಿನಲ್ಲಿ ಬಳಗ ನಡೆಸಿದವರಿಗೆ ಈ ಮಾತಿನ ತೂಕ ಗೊತ್ತಿರುತ್ತದೆ. ಒಂದು ವರ್ಷ ಯಾರು ಬೇಕಾದರೂ ನಡೆಸಬಹುದು. ಚೆನ್ನಾಗಿ ಹಾಡುವ ನಾಲ್ಕು ಮಕ್ಕಳು ಸಿಕ್ಕರೆ ಸಾಕು. ಆ ನಾಲ್ವರು ಪಾಸಾಗಿ ಹೋದ ಮೇಲೆ ಬೀರುವಿನ ಬೀಗ ತೆಗೆಯುವವರು ಇದ್ದಾರಾ, ಅದು ಮುಖ್ಯ. ನಮ್ಮಲ್ಲಿ ಇದ್ದಾರೆ. ಈಗ ಹಾಡುವವರು 38 ಮಂದಿ. ಅವರಲ್ಲಿ ಶುರುವಿನಲ್ಲಿದ್ದವರು ಇಬ್ಬರೇ, ಅವರೂ ಎಂ.ಕಾಂ. ಓದುತ್ತಿರುವುದರಿಂದ ಉಳಿದವರು.

ಇದು ನಡೆಯಲ್ಲ ಎಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಒಂದು ಸಲ ಬರೆದುಬಿಡೋಣ ಅನ್ನಿಸಿತು.

ನಾನು ತುಮಕೂರಿನಲ್ಲಿ ಕಾಮರ್ಸ್ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಸಂಗೀತದಲ್ಲಿ ನನಗೆ ಪದವಿ ಇಲ್ಲ. ನಮ್ಮಪ್ಪ ಗುಬ್ಬಿ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಮನೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಇತ್ತು, ನಾನೂ ಕಲಿತೆ. ಅಷ್ಟೇ ನನ್ನ ಬಂಡವಾಳ.

ಮೊದಲು ಸೋತ ಕಥೆ ಹೇಳುತ್ತೇನೆ. ಅದೇ ಜಾಸ್ತಿ ಇದೆ.

2018ರಲ್ಲಿ ಎಲ್ಲರೂ ಮಾಡುವ ಹಾಗೆ ಸಂಜೆ ನಾಲ್ಕೂವರೆಗೆ ಅಭ್ಯಾಸ ಇಟ್ಟೆವು. ಹೆಸರು ಕೊಟ್ಟವರು ನಲವತ್ತರ ಮೇಲೆ. ತಿಂಗಳಾಗುವಷ್ಟರಲ್ಲಿ ಉಳಿದವರು ಏಳು ಮಂದಿ. ಮಕ್ಕಳಿಗೆ ಆಸಕ್ತಿ ಇಲ್ಲ ಎಂದು ನಾನೂ ಎರಡು ವರ್ಷ ಹೇಳಿಕೊಂಡು ಓಡಾಡಿದೆ. ಉಳಿದ ಏಳು ಮಂದಿ ಯಾವ ಊರಿನವರು ಎಂದು ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಎಲ್ಲರೂ ತುಮಕೂರಿನದೇ ಬಟವಾಡಿ, ಕ್ಯಾತ್ಸಂದ್ರ, ಶೆಟ್ಟಿಹಳ್ಳಿಯವರು. ಕೊರಟಗೆರೆ, ಮಧುಗಿರಿ, ಕುಣಿಗಲ್ ಕಡೆಯ ಹಳ್ಳಿ ಮಕ್ಕಳಿಗೆ ಐದರ ಬಸ್ಸು ತಪ್ಪಿದರೆ ಮನೆ ಸೇರುವುದು ಕತ್ತಲಾದ ಮೇಲೆ. ಹೆಣ್ಣುಮಕ್ಕಳಿಗೆ ನಾಲ್ಕೂ ಮುಕ್ಕಾಲಿಗೇ ಮನೆಯಿಂದ ಫೋನು. ಹಾಡುವಾಗಲೂ ಅವರ ಕಣ್ಣು ಗಡಿಯಾರದ ಮೇಲೆ.

2019ರಲ್ಲಿ ಆಡಿಷನ್ ಮಾಡಿ ಎಂಟು ಮಂದಿಯನ್ನು ಆರಿಸಿದೆವು. ಶನಿವಾರಕ್ಕೆ ಬೆಂಗಳೂರಿನಿಂದ ಒಬ್ಬ ಗುರುಗಳನ್ನು ಕರೆಸಿದೆವು. ಒಂದು ತರಗತಿಗೆ 1,500 ರೂಪಾಯಿ, ಜೊತೆಗೆ ಓಡಾಟದ ಖರ್ಚು. ಒಟ್ಟು 22 ಸಾವಿರ ಆಗಿರಬೇಕು. ಅವರು ತುಂಬಾ ಚೆನ್ನಾಗಿ ಕಲಿಸಿದರು. ವಾರ್ಷಿಕೋತ್ಸವದಲ್ಲಿ ಮಕ್ಕಳು ಹಾಡಿದ್ದು ಇವತ್ತಿಗೂ ಕಿವಿಯಲ್ಲಿದೆ. ಅದಾಗಿ ಮೂರೇ ತಿಂಗಳಿಗೆ ಆರು ಮಂದಿ ಓದು ಮುಗಿಸಿ ಹೋದರು. ಉಳಿದ ಇಬ್ಬರು ಯಾರ ಜೊತೆ ಹಾಡಬೇಕು? ಎಲ್ಲರಿಗಿಂತ ಚೆನ್ನಾಗಿ ಹಾಡುವ ಹುಡುಗನನ್ನೇ ಕಾರ್ಯದರ್ಶಿ ಮಾಡಿದ್ದೆ. ತಬಲ ಅವನ ರೂಮಿನಲ್ಲೇ ಉಳಿದುಹೋಯಿತು. ವಾಪಸ್ ಬಂದಾಗ ಅದರ ನಡುವಿನ ಕಪ್ಪು ಕರಣೆ ಬಿರುಕು ಬಿಟ್ಟಿತ್ತು. ಹೊಸ ಮುಚ್ಚಿಗೆಗೆ ಸಾವಿರದ ಹತ್ತಿರ ಕೊಟ್ಟೆ.

ಆಮೇಲೆ ಕೊರೋನಾ. 2022ರ ಶುರುವಿನಲ್ಲಿ ಇನ್ನೊಂದು ತಪ್ಪು ಮಾಡಿದೆ. ಅದನ್ನು ಹೇಳಲು ಈಗಲೂ ಕಷ್ಟವಾಗುತ್ತದೆ. ನಮ್ಮ ಹಳ್ಳಿ ನಾಟಕಗಳಲ್ಲಿ ಪಾತ್ರಕ್ಕೆ ದುಡ್ಡು ಕಟ್ಟುವುದು ನಿಮಗೆ ಗೊತ್ತಿದೆ. ಕೃಷ್ಣ, ದುರ್ಯೋಧನ ಬೇಕೆಂದರೆ ಜಾಸ್ತಿ, ಸಣ್ಣ ಪಾತ್ರಕ್ಕೆ ಕಡಿಮೆ. ಆ ದುಡ್ಡಿನಲ್ಲೇ ಸೀನರಿ, ಡ್ರೆಸ್ಸು, ಮೇಷ್ಟ್ರ ಸಂಬಳ ಎಲ್ಲ ನಡೆಯುತ್ತದೆ. ಅದನ್ನೇ ಇಲ್ಲಿ ತಂದೆ. ಒಬ್ಬರೇ ಹಾಡುವ ಹಾಡಿಗೆ 200, ಗುಂಪಿನ ಹಾಡಿಗೆ 50. ಎರಡೇ ವಾರದಲ್ಲಿ ದುಡ್ಡಿದ್ದವರು ಮುಂದೆ, ಇಲ್ಲದವರು ಹಿಂದೆ. ಪಾವಗಡದಿಂದ ಬಂದು ಹಾಸ್ಟೆಲಿನಲ್ಲಿದ್ದ ಒಬ್ಬ ಹುಡುಗಿಗೆ ಎಲ್ಲರಿಗಿಂತ ಒಳ್ಳೆಯ ದನಿ ಇತ್ತು. ಅವಳು ಕೊನೆಯ ಬೆಂಚಿನಲ್ಲಿ ಕೂತು ಬರೀ ತಾಳ ಹಾಕುತ್ತಿದ್ದಳು. ನೋಡಲಾಗಲಿಲ್ಲ. ಸಂಗ್ರಹವಾಗಿದ್ದ ಮೂರು ಸಾವಿರ ಚಿಲ್ಲರೆಯನ್ನು ಲೆಕ್ಕ ಹಾಕಿ ಎಲ್ಲರಿಗೂ ವಾಪಸ್ ಕೊಟ್ಟೆ.

ದಾರಿ ಸಿಕ್ಕಿದ್ದು ಅದೇ ವರ್ಷ. ಪರೀಕ್ಷೆ ಕೆಲಸಕ್ಕೆಂದು ಒಂದು ದಿನ ಬೆಳಿಗ್ಗೆ ಎಂಟಕ್ಕೇ ಹೋಗಿದ್ದೆ. ಮೆಟ್ಟಿಲ ಮೇಲೆ ಇಪ್ಪತ್ತೈದು ಮೂವತ್ತು ಮಕ್ಕಳು ಸುಮ್ನೆ ಕೂತಿದ್ದರು. ತರಗತಿ ಇರುವುದು ಒಂಬತ್ತೂ ಮುಕ್ಕಾಲಿಗೆ. "ಯಾಕ್ರೋ ಇಷ್ಟು ಬೇಗ ಬಂದಿದೀರಾ?" ಎಂದೆ. "ನಮ್ಮೂರಿಂದ ಆರೂ ಮುಕ್ಕಾಲಿಗೊಂದು ಬಸ್ಸು ಮೇಡಂ. ಅದು ಬಿಟ್ರೆ ಇನ್ನೊಂದು ಬರೋದು ಹತ್ತು ಗಂಟೆ ಆಗುತ್ತೆ" ಎಂದರು. ದಿನಾ ಒಂದೂವರೆ ಗಂಟೆ ಅವರು ಅಲ್ಲೇ ಕೂರುತ್ತಿದ್ದರು. ಸಂಜೆ ಸಿಗದ ಮಕ್ಕಳೆಲ್ಲ ಬೆಳಿಗ್ಗೆ ಅಲ್ಲೇ ಇದ್ದರು.

ಅಭ್ಯಾಸವನ್ನು ಬೆಳಿಗ್ಗೆ 8.05ರಿಂದ 8.50ರವರೆಗೆ ಇಡುತ್ತೇನೆ ಎಂದಾಗ ಸ್ಟಾಫ್ ರೂಮಿನಲ್ಲಿ ಯಾರೂ ಒಪ್ಪಲಿಲ್ಲ. "ಅಷ್ಟು ಹೊತ್ತಿಗೆ ಗಂಟಲು ಏಳುತ್ತಾ ಮೇಡಂ?" ಎಂದರು ಒಬ್ಬರು. ಇನ್ನೊಬ್ಬ ಹಿರಿಯರು, "ತಿಂಡಿ ತಿನ್ನದೆ ಬರೋ ಮಕ್ಕಳು, ಹೊಟ್ಟೆಗಿಲ್ಲದೆ ಹಾಡ್ತಾರಾ?" ಎಂದು ಕೇಳಿದರು. ಗಂಟಲಿನ ಮಾತು ಸುಳ್ಳಾಯಿತು. ಹತ್ತು ನಿಮಿಷ ಕೆಳಗಿನ ಷಡ್ಜದಲ್ಲಿ, ಅಂದರೆ ಕೆಳಗಿನ ಸದಲ್ಲಿ, ಆ ಎಂದು ಅಕಾರ ಹಿಡಿದರೆ ಗಂಟಲು ಬಿಡುತ್ತದೆ. ಹೊಟ್ಟೆಯ ಮಾತು ಮಾತ್ರ ನಿಜವಾಯಿತು. ಮೊದಲ ವಾರವೇ ಇಬ್ಬರು ಹುಡುಗಿಯರಿಗೆ ತಲೆ ಸುತ್ತು ಬಂತು. ಆವತ್ತಿನಿಂದ 8.50ಕ್ಕೆ ಎಲ್ಲರೂ ಒಟ್ಟಿಗೆ ಡಬ್ಬಿ ಬಿಚ್ಚುವುದು ಎಂದಾಯಿತು. ಡಬ್ಬಿ ತರದವರಿಗೆ ಬಳಗದ ದುಡ್ಡಿನಲ್ಲಿ ತಟ್ಟೆ ಇಡ್ಲಿ. ತಟ್ಟೆ ಇಡ್ಲಿಗೆ ಹೆಸರಾದ ಕ್ಯಾತ್ಸಂದ್ರ ಪಕ್ಕದಲ್ಲೇ ಇರುವಾಗ ಬೇರೇನು ತರಿಸೋದು? ವಾರಕ್ಕೆ ಮುನ್ನೂರು ರೂಪಾಯಿಯ ಒಳಗೆ ಮುಗಿಯುತ್ತದೆ. ಬಳಗ ಉಳಿದಿದ್ದರಲ್ಲಿ ಈ ಮುನ್ನೂರು ರೂಪಾಯಿಯ ಪಾಲು ದೊಡ್ಡದು.

ಇನ್ನು ಅಭ್ಯಾಸದ ಕೋಣೆಯ ಬೀಗದ ಕೈ. ಮೊದಲು ಅದು ನನ್ನ ಹತ್ತಿರ ಇತ್ತು. ನನಗೆ ಮನೆ ಕೆಲಸ ಮುಗಿಸಿ ದಿನಾ ಎಂಟಕ್ಕೆ ಹೋಗಲು ಆಗುವುದಿಲ್ಲ. ನಾನು ತಡವಾದ ದಿನ ಮಕ್ಕಳು ಮತ್ತೆ ಮೆಟ್ಟಿಲ ಮೇಲೆ. ಆಗ ಮೂರು ಕೀ ಮಾಡಿಸಿದೆ. ಯಾರ ಬಸ್ಸು ಮೊದಲು ಬರುತ್ತದೋ ಅವರಿಗೆ ಕೀ ಎಂದೆ. ಅದಕ್ಕೆ ಎರಡು ಕಟ್ಟುಪಾಡು ಹಾಕಿದೆ. ಕೀ ಮೊದಲ ವರ್ಷದವರಿಗೇ ಹೋಗಬೇಕು. ಬಳಗದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುವವರಿಗೆ ಕೀ ಕೊಡುವಂತಿಲ್ಲ.

ಎರಡನೆಯದಕ್ಕೆ ತುಂಬಾ ವಿರೋಧ ಬಂತು. ಆದರೆ ನೋಡಿ, ಚೆನ್ನಾಗಿ ಹಾಡುವವರನ್ನು ಎಲ್ಲರೂ ಕರೆಯುತ್ತಾರೆ. ಅವರಿಗೆ ಆರ್ಕೆಸ್ಟ್ರಾ ಇರುತ್ತದೆ, ಸ್ಪರ್ಧೆ ಇರುತ್ತದೆ, ಮದುವೆ ಮನೆ ಇರುತ್ತದೆ. ಬಾಗಿಲು ತೆಗೆಯುವ ಕೆಲಸ ಅವರಿಗೆ ಭಾರ. ಮೊದಲ ಕೀ ತೆಗೆದುಕೊಂಡವಳು ಕೊರಟಗೆರೆ ಕಡೆಯ ಹಳ್ಳಿಯ ಹುಡುಗಿ. ಆಗ ಅವಳಿಗೆ ಶ್ರುತಿ ನಿಲ್ಲುತ್ತಿರಲಿಲ್ಲ. ಆದರೆ ಯಾರು ಬಂದಿಲ್ಲ, ಯಾಕೆ ಬಂದಿಲ್ಲ, ಯಾರ ಮನೆಯಲ್ಲಿ ಹಬ್ಬ, ಯಾರಿಗೆ ಜ್ವರ, ಎಲ್ಲ ಅವಳಿಗೆ ಗೊತ್ತಿತ್ತು. ಎರಡು ದಿನ ಬರದವರಿಗೆ ತಾನೇ ಫೋನ್ ಮಾಡುತ್ತಿದ್ದಳು. ದಿನಾ ಮೊದಲು ಬಂದು ತಂಬೂರಿ ಆ್ಯಪ್ ಹಾಕಿ ಒಬ್ಬಳೇ ಹಾಡಿಕೊಂಡು ವರ್ಷದೊಳಗೆ ಶ್ರುತಿಯನ್ನೂ ಹಿಡಿದಳು. ಅಂಥವರು ಪ್ರತಿ ವರ್ಷ ಸಿಗುತ್ತಾರೆ. ನಾವು ಹುಡುಕುವುದು ಬರೀ ದನಿಯನ್ನು, ಅದಕ್ಕೇ ಅವರು ಕಣ್ಣಿಗೆ ಬೀಳುವುದಿಲ್ಲ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಇನ್ನೊಂದು ಅನುಕೂಲವಾಯಿತು. ಭಾನುವಾರದ ಅಭ್ಯಾಸಕ್ಕೆ ಹುಡುಗಿಯರು ಬಸ್ ಚಾರ್ಜ್ ಲೆಕ್ಕ ಹಾಕುವುದು ನಿಂತಿತು. ಆ ವರ್ಷ ಹುಡುಗಿಯರ ಸಂಖ್ಯೆ ಹತ್ತೋ ಹನ್ನೊಂದೋ ಇದ್ದದ್ದು ಇಪ್ಪತ್ತು ದಾಟಿತು.

ಕಲಿಸುವ ರೀತಿ ಪೂರ್ತಿ ನಮ್ಮಪ್ಪನದು. ಕುರುಕ್ಷೇತ್ರ ನಾಟಕ ಎಂದರೆ ಹೊಲದ ಕೆಲಸ ಮುಗಿಸಿ ಬಂದವರಿಗೆ ರಾತ್ರಿ ಹೊತ್ತು ನಾಲ್ಕೈದು ತಿಂಗಳು ತಾಲೀಮು. ಅಪ್ಪ ದಿನಕ್ಕೆ ಒಂದೇ ಸಾಲು ಹೇಳಿಕೊಡುತ್ತಿದ್ದರು. ನಿನ್ನೆ ಕಲಿತವರು ಇವತ್ತು ಬಂದವರಿಗೆ ಹೇಳಿಕೊಡಬೇಕು. ಭೀಮನ ಪಾತ್ರದವರಿಗೆ ಅರ್ಜುನನ ಹಾಡೂ ಬರಬೇಕು. 1884ರಲ್ಲೇ ನಾಟಕ ಕಂಪನಿ ಹುಟ್ಟಿದ ಗುಬ್ಬಿಯ ಸುತ್ತಮುತ್ತ ಇದನ್ನೆಲ್ಲ ಯಾರೂ ಪುಸ್ತಕ ನೋಡಿ ಕಲಿತಿಲ್ಲ. ನಾನೂ ಹಾಗೇ ಮಾಡಿದೆ. ಆಡಿಷನ್ ಇಲ್ಲ. ದಿನಕ್ಕೆ ಒಂದು ಸಾಲು. ನಾನು ಪೆಟ್ಟಿಗೆ ಮಾತ್ರ ನುಡಿಸುತ್ತೇನೆ. ನಾನು ಬರದ ದಿನವೂ ಪಾಠ ನಿಲ್ಲುವುದಿಲ್ಲ.

ಹುಡುಗರು ಹುಡುಗಿಯರು ಒಟ್ಟಿಗೆ ಹಾಡುವಾಗ ಇಬ್ಬರ ಶ್ರುತಿ ಬೇರೆಯಾಗುವ ತೊಂದರೆ ಎಲ್ಲರಿಗೂ ಇದ್ದದ್ದೇ. ನಮ್ಮ ಹುಡುಗಿಯರ ಶ್ರುತಿ ಜಿ, ಹುಡುಗರದು ಸಿ ಅಥವಾ ಸಿ ಶಾರ್ಪ್. ಐದಾರು ಸ್ವರದೊಳಗೇ ಓಡಾಡುವ ಜನಪದ ಹಾಡಾದರೆ ಸಿ ಅಥವಾ ಡಿ ಇಟ್ಟುಬಿಡಿ. ಹುಡುಗಿಯರು ಒಂದು ಸ್ಥಾಯಿ ಮೇಲೆ, ಹುಡುಗರು ಕೆಳಗೆ, ಇಬ್ಬರಿಗೂ ಸಲೀಸು. ಭಾವಗೀತೆ ಅಷ್ಟರಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಪಲ್ಲವಿಯನ್ನು ಹುಡುಗಿಯರಿಗೆ ಜಿಯಲ್ಲಿ, ಚರಣವನ್ನು ಹುಡುಗರಿಗೆ ಸಿಯಲ್ಲಿ ಕೊಡುತ್ತೇವೆ. ನಡುವಿನ ಎಂಟು ಮಾತ್ರೆಯ ವಾದ್ಯದ ಬಿಟ್‌ನಲ್ಲಿ ಪೆಟ್ಟಿಗೆ ಒಂದು ಶ್ರುತಿಯಿಂದ ಇನ್ನೊಂದಕ್ಕೆ ದಾಟಬೇಕು, ಕೇಳುವವರಿಗೆ ಗೊತ್ತಾಗಬಾರದು. ಅದನ್ನು ಹೇಗೆ ಮಾಡುತ್ತೇವೆ ಎಂದು ಇಲ್ಲಿ ಬರೆಯುವುದಿಲ್ಲ. ಅಪ್ಪ ನನಗೆ ಕೂರಿಸಿಕೊಂಡು ಹೇಳಿಕೊಟ್ಟದ್ದು ಅದು, ಬಂದು ಕೂತವರಿಗೆ ನಾನೂ ಹೇಳಿಕೊಡುತ್ತೇನೆ.

ದುಡ್ಡಿನ ವಿಷಯ. ನಮ್ಮ ಆದಾಯವೆಲ್ಲ ನವೆಂಬರ್‌ನಲ್ಲಿ. ರಾಜ್ಯೋತ್ಸವಕ್ಕೆ ಬ್ಯಾಂಕು, ಕಚೇರಿ, ಶಾಲೆ, ಬಡಾವಣೆ ಸಂಘ ಎಲ್ಲರಿಗೂ ನಾಡಗೀತೆ ಹಾಡುವವರು ಬೇಕು. ಸರ್ಕಾರ 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಎಂದು ಗೊತ್ತುಮಾಡಿತಲ್ಲ, ನಾವು ಸ್ಟಾಪ್‌ವಾಚ್ ಇಟ್ಟುಕೊಂಡು ಒಂದು ತಿಂಗಳು ಅದೇ ಅಭ್ಯಾಸ ಮಾಡಿದೆವು. ಒಂದೆರಡು ಸೆಕೆಂಡಿನ ಆಚೀಚೆ ಮುಗಿಸುತ್ತೇವೆ. ತುಮಕೂರಿನಲ್ಲಿ ಇಷ್ಟು ಕರಾರುವಾಕ್ಕಾಗಿ ಹಾಡುವ ವಿದ್ಯಾರ್ಥಿ ತಂಡ ಇನ್ನೊಂದನ್ನು ನಾನು ಕೇಳಿಲ್ಲ. ಮೊದಲ ನವೆಂಬರ್ ನಾಲ್ಕು ಕಾರ್ಯಕ್ರಮ, ಹನ್ನೊಂದು ಸಾವಿರ. ಹೋದ ನವೆಂಬರ್ ಹದಿಮೂರು ಕಾರ್ಯಕ್ರಮ, 48 ಸಾವಿರದ ಹತ್ತಿರ. ಅಕ್ಟೋಬರ್‌ನಲ್ಲಿ ಮೊದಲು ಯಾರಿಗೆ ಫೋನ್ ಮಾಡುತ್ತೇವೆ ಅನ್ನುವುದು ಬಳಗದೊಳಗೇ ಇರಲಿ.

ಓಡಾಟ, ಊಟ ಕಳೆದು ಉಳಿದದ್ದು ಬಳಗಕ್ಕೆ. ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಮನೆಯಲ್ಲೇ ಬರೆಯುತ್ತೇವೆ. ಯಾರು ಬೇಕಾದರೂ ನೋಡಬಹುದು. ನಾನು ಕಾಮರ್ಸ್ ಮೇಡಂ ಆದರೂ ಲೆಡ್ಜರ್ ಇಡಲಿಲ್ಲ. ಲೆಡ್ಜರನ್ನು ಯಾರೂ ತೆರೆದು ನೋಡುವುದಿಲ್ಲ.

ಸೌಂಡ್ ಬಾಡಿಗೆಗೇ ತುಂಬಾ ದುಡ್ಡು ಹೋಗುತ್ತಿತ್ತು. ಎರಡು ವರ್ಷದಲ್ಲಿ ಎಂಟು ಚಾನೆಲ್ ಮಿಕ್ಸರ್, ಎರಡು ಸ್ಪೀಕರ್, ನಾಲ್ಕು ಮೈಕು, ಸ್ಟ್ಯಾಂಡು ಎಲ್ಲ ಸೇರಿ ಸುಮಾರು 75 ಸಾವಿರಕ್ಕೆ ನಮ್ಮದೇ ಸೆಟ್ ಮಾಡಿಕೊಂಡೆವು. ಮೊದಲ ಕಾರ್ಯಕ್ರಮದಲ್ಲಿ ಬರೀ ಗುಂಯ್ ಸದ್ದು. ನಲವತ್ತು ನಿಮಿಷ ಜನ ಕಾದರು. ಕೀಬೋರ್ಡ್ ಒಂದು ಗೋಡೆಯ ಸಾಕೆಟ್‌ಗೆ, ಸ್ಪೀಕರ್ ಇನ್ನೊಂದಕ್ಕೆ ಹಾಕಿದ್ದೆವು. ಈಗ ಅರ್ಥ್ ಇರುವ ಒಂದೇ ಸಾಕೆಟ್‌ನಿಂದ ನಮ್ಮದೇ ಬೋರ್ಡ್ ಎಳೆದು ಎಲ್ಲವನ್ನೂ ಅದಕ್ಕೇ ಹಾಕುತ್ತೇವೆ. ಸದ್ದು ನಿಂತಿದೆ.

ನಡುವೆ ಒಂದು ಪ್ರಯೋಗವನ್ನೂ ಹೇಳಬೇಕು. ಶಿರಾ ಕಡೆಯ ಒಬ್ಬ ಹುಡುಗನ ತಾತ ಗಣೆ ಊದುತ್ತಾರೆ. ಕಾಡುಗೊಲ್ಲರು ಜುಂಜಪ್ಪನ ಪದ ಹಾಡುವಾಗ ಊದುವ ಉದ್ದನೆಯ ಬಿದಿರ ಕೊಳಲು ಅದು. ಒಂದು ಭಾನುವಾರ ಅವರನ್ನು ಕರೆಸಿದೆವು. ಗಣೆಯ ಶ್ರುತಿ ನನ್ನ ಪೆಟ್ಟಿಗೆಯ ಎರಡು ಮನೆಗಳ, ಅಂದರೆ ಎರಡು ಕೀಲಿಗಳ ನಡುವೆ ಎಲ್ಲೋ ಇತ್ತು. ಪೆಟ್ಟಿಗೆಯ ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್‌ನಿಂದಲೂ ಆಗಲಿಲ್ಲ, ಅದೂ ಮನೆಯಿಂದ ಮನೆಗೇ ಹಾರುವುದು. ಕೊನೆಗೆ ಕೀಬೋರ್ಡಿನ ಟ್ಯೂನಿಂಗನ್ನು 440 ಹರ್ಟ್ಜ್‌ನಿಂದ 430ರ ಹತ್ತಿರಕ್ಕೆ ಇಳಿಸಿದೆವು. ಆಗ ಕೂಡಿತು. "ಈಗ ನಿಮ್ ಪೆಟ್ಗೆ ನಮ್ ದಾರಿಗೆ ಬಂತು ನೋಡವ್ವ" ಎಂದರು ಅಜ್ಜ. ಅವತ್ತು ಹಾರ್ಮೋನಿಯಂ ಮುಚ್ಚಿಟ್ಟೆ. ಮಕ್ಕಳು ಒಂದು ಗಂಟೆ ಅವರ ಹಿಂದೆ ಸೊಲ್ಲು ಹಿಡಿದರು. ಇದನ್ನು ವೇದಿಕೆಗೆ ತರಲು ಇನ್ನೂ ಆಗಿಲ್ಲ, ಬಿಡುವ ಮನಸ್ಸೂ ಇಲ್ಲ.

ಯುವಜನೋತ್ಸವದ ಸಮೂಹಗಾನಕ್ಕೆ ಆರೇ ಮಂದಿ ಬೇಕು. 38ರಲ್ಲಿ ಆರು ಮಂದಿಯನ್ನು ಹಾಜರಿ ನೋಡಿಯೇ ಆರಿಸುತ್ತೇವೆ. ಎಲ್ಲರಿಗೂ ಎಲ್ಲ ಸಾಲೂ ಬರುವುದರಿಂದ ಇದು ನಡೆಯುತ್ತದೆ. ಮೊದಲ ಸಲ ಏನೂ ಬರಲಿಲ್ಲ, ಸ್ಟಾಫ್ ರೂಮಿನಲ್ಲಿ ಮಾತು ಕೇಳಬೇಕಾಯಿತು. ಹೋದ ವರ್ಷ ಎರಡನೇ ಸ್ಥಾನ ಬಂತು. ಆ ಆರರಲ್ಲಿ ಕೊರಟಗೆರೆ ಹುಡುಗಿಯೂ ಇದ್ದಳು.

ನಮಗೆ ಇನ್ನೂ ಬಗೆಹರಿಯದೆ ಉಳಿದಿರುವುದು ಪರೀಕ್ಷೆಯ ತಿಂಗಳು. ಪರೀಕ್ಷೆ ಮುಗಿದು ಮತ್ತೆ ಸೇರುವಾಗ ಪ್ರತಿ ಸಲ ಐದಾರು ಮಂದಿ ತಪ್ಪಿಹೋಗುತ್ತಾರೆ. ಈ ವರ್ಷದ ಕೀ ಗುಬ್ಬಿ ಕಡೆಯ ಹುಡುಗನ ಹತ್ತಿರ ಇದೆ, ಅವನ ಬಸ್ಸು 7.50ಕ್ಕೆ ಬರುತ್ತದೆ. "ಪರೀಕ್ಷೆ ತಿಂಗಳಲ್ಲಿ ಹಾಡೋದು ಬೇಡ ಮೇಡಂ. ಬಾಗಿಲು ತೆಗೆದಿರ್ತೀನಿ, ಅಲ್ಲೇ ಕೂತು ಓದ್ಕೊಳ್ಳಲಿ, 8.50ಕ್ಕೆ ಡಬ್ಬಿ ಮಾತ್ರ ಒಟ್ಟಿಗೆ ಬಿಚ್ಚೋಣ" ಎಂದಿದ್ದಾನೆ. ಈ ಸಲ ಹಾಗೇ ಮಾಡುತ್ತಿದ್ದೇವೆ.