ಮಾಸಿದ ಹಳದಿ ಗೆರೆ: ಇಂಗ್ಲೆಂಡಿನಲ್ಲಿ ಹೊಸದಾಗಿ ಕಾರು ಕೊಂಡವರಿಗೆ

ಇಲ್ಲಿಗೆ ಬಂದ ಮೊದಲ ವರ್ಷ, ನೀರಿನ ಪೈಪಿಗೆಂದು ಅಗೆದು ಟಾರಿನ ತೇಪೆ ಹಾಕಿದ್ದ ಜಾಗದಲ್ಲಿ ಕಾರು ನಿಲ್ಲಿಸಿದೆ. ಹಳದಿ ಗೆರೆ ಆ ತೇಪೆಯವರೆಗೆ ಬಂದು ನಿಂತುಹೋಗಿತ್ತು. ಗೆರೆ ಇಲ್ಲವಲ್ಲ, ನಿಲ್ಲಿಸಬಹುದು ಅಂದುಕೊಂಡೆ. ವಾಪಸ್ ಬಂದಾಗ ಗಾಜಿನ ಮೇಲೆ ದಂಡದ ಲಕೋಟೆ ಇತ್ತು. ವೀಸಾಕ್ಕೆ ತೊಂದರೆಯಾದೀತು ಎಂಬ ಹೆದರಿಕೆಯಲ್ಲಿ ಆ ರಾತ್ರಿಯೇ ದುಡ್ಡು ಕಟ್ಟಿದೆ. ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಹೊಸದಾಗಿ ಬಂದ ನಮ್ಮವರು ಹತ್ತರಲ್ಲಿ ಒಂಬತ್ತು ಮಂದಿ ಹೀಗೇ ಮಾಡುವುದನ್ನು ನೋಡಿ ಸಂಕಟವಾಗುತ್ತದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆದರಿಕೆ ಬಿಡಿ. ಊರಿನ ಸ್ಥಳೀಯ ಆಡಳಿತವಾದ ಕೌನ್ಸಿಲ್ ಕೊಡುವ ಪೆನಾಲ್ಟಿ ಚಾರ್ಜ್ ನೋಟಿಸ್, ಅಂದರೆ ಪಿಸಿಎನ್, ಸಿವಿಲ್ ದಂಡ. ಅದರಿಂದ ಲೈಸೆನ್ಸಿಗೆ ಪಾಯಿಂಟ್ ಬೀಳುವುದಿಲ್ಲ, ಕ್ರಿಮಿನಲ್ ದಾಖಲೆಯೂ ಆಗುವುದಿಲ್ಲ. ಲಂಡನ್ನಿನ ಹೊರಗೆ ಮೊತ್ತ ತಪ್ಪಿನ ತೂಕ ನೋಡಿ 50 ಅಥವಾ 70 ಪೌಂಡ್, 14 ದಿನದೊಳಗೆ ಕಟ್ಟಿದರೆ ಅರ್ಧ. ಲಂಡನ್ನಿನಲ್ಲಿ ಇದಕ್ಕಿಂತ ಬಹಳ ಜಾಸ್ತಿ.

ಇನ್ನು ಗೆರೆಯ ವಿಷಯ. ನಿಲುಗಡೆ ನಿಷೇಧ ಹುಟ್ಟುವುದು ಕೌನ್ಸಿಲ್ ಹೊರಡಿಸುವ ಟ್ರಾಫಿಕ್ ರೆಗ್ಯುಲೇಶನ್ ಆರ್ಡರ್ ಎಂಬ ಆದೇಶದಿಂದ. ಬಣ್ಣ ಅದನ್ನು ಚಾಲಕನಿಗೆ ತಿಳಿಸುವ ಸಾಧನ ಅಷ್ಟೆ. ಹಾಗಾಗಿ ಬಣ್ಣ ಮಾಸಿದ ಮಾತ್ರಕ್ಕೆ ಆದೇಶ ರದ್ದಾಗುವುದಿಲ್ಲ. ಆದರೆ 1996ರ ಟ್ರಾಫಿಕ್ ಆದೇಶಗಳ ನಿಯಮಾವಳಿಯ 18ನೇ ನಿಯಮ ಕೌನ್ಸಿಲ್ ಮೇಲೂ ಒಂದು ಹೊಣೆ ಹೊರಿಸಿದೆ: ಆದೇಶದ ಪರಿಣಾಮ ಏನೆಂದು ರಸ್ತೆ ಬಳಸುವವರಿಗೆ ಸಾಕಷ್ಟು ಮಾಹಿತಿ ಸಿಗುವಂತೆ ಗುರುತುಗಳನ್ನು ಹಾಕಬೇಕು, ಹಾಕಿದ್ದನ್ನು ಕಾಪಾಡಿಕೊಂಡೂ ಬರಬೇಕು. ನಿಮ್ಮ ವಾದವೆಲ್ಲ ನಿಲ್ಲುವುದು ಈ ‘ಸಾಕಷ್ಟು ಮಾಹಿತಿ’ ಎಂಬ ಮಾತಿನ ಮೇಲೆ.

ಎಷ್ಟಿದ್ದರೆ ಸಾಕಷ್ಟು? 1971ರ ಡೇವೀಸ್ ವಿರುದ್ಧ ಹೀಟ್ಲಿ ಪ್ರಕರಣದಲ್ಲಿ ರಸ್ತೆ ನಡುವಿನ ಬಿಳಿ ಗೆರೆಗಳು ನಿಯಮದಲ್ಲಿ ಹೇಳಿದ ನಮೂನೆಯಲ್ಲಿ ಇರಲಿಲ್ಲ ಎಂಬ ಕಾರಣಕ್ಕೇ ಶಿಕ್ಷೆ ರದ್ದಾಯಿತು. ಗೆರೆಯಲ್ಲಿ ಕೂದಲೆಳೆ ದೋಷವಿದ್ದರೂ ದಂಡ ಹೋಗುತ್ತದೆ ಎಂದು ಯಾರಾದರೂ ನಿಮಗೆ ಹೇಳಿದರೆ ಅವರ ತಲೆಯಲ್ಲಿರುವುದು ಈ ತೀರ್ಪು. ಆಮೇಲೆ ಗಾಳಿ ಬದಲಾಗಿದೆ. ಸಂಡರ್‌ಲ್ಯಾಂಡಿನ ಪ್ರಕರಣವೊಂದರಲ್ಲಿ, ಗೆರೆಗಳಲ್ಲಿ ಅಷ್ಟೊಂದು ದೋಷಗಳಿವೆ, ಆದ್ದರಿಂದ ಇಡೀ ನಿಲುಗಡೆ ವಲಯವೇ ಅಸಿಂಧು ಎಂದು ವಾದಿಸಿದವರು 2011ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತರು. ಈಗ ಕೇಳುವ ಪ್ರಶ್ನೆ, ಗೆರೆ ಶುದ್ಧವಾಗಿದೆಯೇ ಎಂದಲ್ಲ. ಸಾಮಾನ್ಯ ಎಚ್ಚರದ ಚಾಲಕನಿಗೆ ಇಲ್ಲಿ ನಿಲ್ಲಿಸಬಾರದು ಎಂದು ಅರ್ಥವಾಗುತ್ತಿತ್ತೇ, ಇಲ್ಲವೇ? ಅಲ್ಲಲ್ಲಿ ಸವೆದಿದೆ, ಕೊನೆಯಲ್ಲಿ ಇರಬೇಕಾದ ಅಡ್ಡ ಗೀಟು ಇಲ್ಲ ಎಂಬಂಥ ಸಣ್ಣ ಕೊರತೆಗಳನ್ನು, ಇಂಥ ದಂಡಗಳ ಮೇಲ್ಮನವಿ ಕೇಳುವ ನ್ಯಾಯನಿರ್ಣಾಯಕರು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಾನು ಹತ್ತಿರದಿಂದ ನೋಡಿದ ಎರಡು ಸಂಗತಿ ಹೇಳುತ್ತೇನೆ. ಗೆಳೆಯರೊಬ್ಬರು ಆ ಅಡ್ಡ ಗೀಟನ್ನೇ ಹಿಡಿದು ಕೊನೆಯವರೆಗೂ ಹೋರಾಡಿದರು. ಉಳಿದ ಗೆರೆ ಚೆನ್ನಾಗಿ ಕಾಣುತ್ತಿತ್ತು, ಸೋತರು, ಪೂರ್ತಿ ಮೊತ್ತ ಕಟ್ಟಿದರು. ಧಾರವಾಡದ ಕಡೆಯ ಹುಡುಗನೊಬ್ಬ ನಿವಾಸಿಗಳಿಗೆ ಮೀಸಲಾದ ಜಾಗದಲ್ಲಿ ಕಾರು ನಿಲ್ಲಿಸಿದ್ದ. ಬಿಳಿ ಗೆರೆ ಹೆಚ್ಚುಕಡಿಮೆ ಪೂರ್ತಿ ಅಳಿಸಿತ್ತು, ಕಂಬದ ಫಲಕವನ್ನು ಮರದ ಕೊಂಬೆ ಮುಚ್ಚಿತ್ತು. ಅವನು ಗೆದ್ದ. ಗೆರೆ ಮತ್ತು ಫಲಕ ಎರಡೂ ಕೈಕೊಟ್ಟದ್ದರಿಂದ ಗೆದ್ದ ಎಂಬುದನ್ನು ಗಮನಿಸಿ.

ಯಾವ ಗೆರೆ ಎನ್ನುವುದೂ ಮುಖ್ಯ. ಜೋಡಿ ಹಳದಿ ಗೆರೆ ಯಾವ ಹೊತ್ತಿಗೂ ನಿಷೇಧ, ಅದಕ್ಕೆ ಫಲಕ ಇರಬೇಕೆಂದಿಲ್ಲ. ಹಾಗಾಗಿ ಅಲ್ಲಿ ತಿಳಿಸುವುದೆಲ್ಲ ಬಣ್ಣವೇ, ಅದೇ ಅಳಿಸಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಒಂಟಿ ಹಳದಿಗೆ ಹೊತ್ತು ತಿಳಿಸುವ ಫಲಕ ಬೇಕು. ಹತ್ತಿರ ಕಾಣದಿದ್ದರೆ, ನಿಯಂತ್ರಿತ ವಲಯದೊಳಗೆ, ಅಂದರೆ ಒಂದೇ ನಿಲುಗಡೆ ಹೊತ್ತು ಅನ್ವಯಿಸುವ ಬೀದಿಗಳ ಗುಂಪಿನೊಳಗೆ, ಬರುವ ರಸ್ತೆಯ ಬಾಯಲ್ಲೇ ಹಾಕಿರಬಹುದು. ಎಷ್ಟೋ ಜನ ಅದನ್ನು ನೋಡದೆ ಒಳಗೆ ಬಂದಿರುತ್ತಾರೆ. ಹಳೆಯ ಗೆರೆಗೆ ಕಪ್ಪು ಬಳಿದು ಹೊಸದನ್ನು ಬೇರೆ ಕಡೆ ಎಳೆದಿರುವ ರಸ್ತೆಗಳಲ್ಲಿ ಮಳೆ ಬಂದಾಗ, ಸಂಜೆಯ ಓರೆ ಬಿಸಿಲು ಬಿದ್ದಾಗ ಎರಡೂ ಕಾಣುತ್ತವೆ. ಅನುಮಾನ ಬಂದರೆ ನಾಲ್ಕು ಹೆಜ್ಜೆ ನಡೆದು ಫಲಕ ಓದಿ.

ಮನೆಯ ಕಾರುದಾರಿಯ ಎದುರು ಕಾಣುವ ಉದ್ದನೆಯ ಬಿಳಿ ‘ಎಚ್’ ಗುರುತು ಬರೀ ಸೂಚನೆಗೆ, ಅದಕ್ಕೆಂದೇ ದಂಡ ಹಾಕುವಂತಿಲ್ಲ. ಹಾಗೆಂದು ಅಲ್ಲಿ ನಿಲ್ಲಿಸಬೇಡಿ! ಕಾರು ಹತ್ತಿಳಿಯಲು ಪಾದಚಾರಿ ಕಟ್ಟೆಯನ್ನು ತಗ್ಗಿಸಿರುವ ಕಡೆ ಅಡ್ಡ ನಿಲ್ಲಿಸುವುದೇ 2004ರ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಕಾಯ್ದೆಯಲ್ಲಿ ತಪ್ಪು, ಬಣ್ಣ ಇರಲಿ ಬಿಡಲಿ. ಸೂಪರ್‌ಮಾರ್ಕೆಟ್, ಆಸ್ಪತ್ರೆ ಮುಂತಾದ ಖಾಸಗಿ ಜಾಗದಲ್ಲಿ ಕಂಪನಿ ಕೊಡುವ ಚೀಟಿಯ ಹೆಸರು ಪಾರ್ಕಿಂಗ್ ಚಾರ್ಜ್ ನೋಟಿಸ್. ಅದನ್ನೂ ಪಿಸಿಎನ್ ಎಂದೇ ಕರೆಯುತ್ತಾರೆ, ಆದರೆ ಅದು ಕರಾರಿನ ಕಾನೂನಿಗೆ ಸೇರಿದ್ದು. ಈ ಲೇಖನದ ಮಾತು ಅದಕ್ಕೆ ಹೊಂದುವುದಿಲ್ಲ. ಸ್ಕಾಟ್ಲೆಂಡಿನ ವ್ಯವಸ್ಥೆಯೂ ಬೇರೆ.

ಲಕೋಟೆ ಸಿಕ್ಕ ತಕ್ಷಣ, ಕಾರು ಕದಲಿಸುವ ಮುಂಚೆ ಫೋಟೋ ತೆಗೆಯಿರಿ: ಕಾರಿನ ಚಕ್ರ ಮತ್ತು ಗೆರೆ ಒಟ್ಟಿಗೆ, ಗೆರೆಯ ಎರಡೂ ತುದಿ, ಅತಿ ಹತ್ತಿರದ ಫಲಕ, ರಸ್ತೆಗೆ ಬರುವಾಗ ಚಾಲಕನ ಕಣ್ಣಿಗೆ ಕಾಣುವ ನೋಟ. ನಾಳೆ ಎನ್ನಬೇಡಿ, ಅಷ್ಟರಲ್ಲಿ ಹೊಸ ಬಣ್ಣ ಬಿದ್ದಿರಬಹುದು. ಗೂಗಲ್ ಸ್ಟ್ರೀಟ್ ವ್ಯೂನ ಹಳೆಯ ಚಿತ್ರಗಳಲ್ಲಿ ತಿಂಗಳು, ವರ್ಷ ಇರುತ್ತದೆ. ಗೆರೆ ಎಂದಿನಿಂದ ಹೀಗಿದೆ ಎಂದು ತೋರಿಸಲು ಅದು ಬಹಳ ಉಪಯೋಗಕ್ಕೆ ಬರುತ್ತದೆ. ಆದೇಶದ ಪ್ರತಿಯನ್ನೂ ಕೌನ್ಸಿಲ್‌ನಿಂದ ಕೇಳಿ ಪಡೆಯಿರಿ.

14 ದಿನದೊಳಗೆ ಆಕ್ಷೇಪ ಬರೆಯಿರಿ. ಅದನ್ನು ತಳ್ಳಿಹಾಕಿದರೂ ಹೆಚ್ಚಿನ ಕೌನ್ಸಿಲ್‌ಗಳು ಅರ್ಧ ಮೊತ್ತ ಕಟ್ಟಲು ಇನ್ನೊಂದು ಅವಕಾಶ ಕೊಡುತ್ತವೆ. ದುಡ್ಡು ಕಟ್ಟಿದರೆ ಪ್ರಕರಣ ಮುಗಿದಂತೆ, ಕಟ್ಟಿ ವಾದಿಸಲು ಬರುವುದಿಲ್ಲ. ಕಟ್ಟದಿದ್ದರೆ ಮುಂದೆ ಬರುವುದು ‘ನೋಟಿಸ್ ಟು ಓನರ್’. ಅದಕ್ಕೆ 28 ದಿನದಲ್ಲಿ ವಿಧಿವತ್ತಾಗಿ ಆಕ್ಷೇಪ ಸಲ್ಲಿಸಿ, ಕೌನ್ಸಿಲ್ 56 ದಿನದೊಳಗೆ ಉತ್ತರ ಕೊಡಬೇಕು. ಅದನ್ನೂ ಕೌನ್ಸಿಲ್ ತಳ್ಳಿಹಾಕಿದರೆ ಸ್ವತಂತ್ರ ನ್ಯಾಯಮಂಡಳಿ ಇದೆ: ಲಂಡನ್ನಿಗೆ ಲಂಡನ್ ಟ್ರಿಬ್ಯುನಲ್ಸ್, ಉಳಿದ ಇಂಗ್ಲೆಂಡಿಗೆ ಟ್ರಾಫಿಕ್ ಪೆನಾಲ್ಟಿ ಟ್ರಿಬ್ಯುನಲ್. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ‘ಹೇಳಿದ ತಪ್ಪು ನಡೆದೇ ಇಲ್ಲ, ಏಕೆಂದರೆ ಗುರುತು ಸಾಕಷ್ಟು ಸ್ಪಷ್ಟವಿರಲಿಲ್ಲ’ ಎಂಬುದು ನಿಮ್ಮ ಮಾತು. ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದರೂ ಚಿಂತೆಯಿಲ್ಲ, ಫೋಟೋಗಳೇ ಅರ್ಧ ಮಾತಾಡುತ್ತವೆ.

ಇದೆಲ್ಲಕ್ಕಿಂತ ಹೆಚ್ಚು ನಮ್ಮವರು ಸೋಲುವುದು ಬೇರೊಂದು ಕಡೆ. ಆ ‘ನೋಟಿಸ್ ಟು ಓನರ್’ ಹೋಗುವುದು ಕಾರಿನ ನೋಂದಣಿ ಪತ್ರವಾದ ವಿ5ಸಿಯಲ್ಲಿರುವ ವಿಳಾಸಕ್ಕೆ. ವರ್ಷಕ್ಕೆ ಎರಡು ಬಾಡಿಗೆ ಮನೆ ಬದಲಿಸುವ ಕಾಲದಲ್ಲಿ ಪತ್ರ ಹಳೆಯ ಮನೆಯ ಬಾಗಿಲಲ್ಲೇ ಬಿದ್ದಿರುತ್ತದೆ, ದಂಡ ಅರ್ಧಪಟ್ಟು ಏರುತ್ತದೆ, ಒಂದು ಬೆಳಗ್ಗೆ ವಸೂಲಿಯವರು ಬಂದು ಬಾಗಿಲು ತಟ್ಟುತ್ತಾರೆ. ಹೊಸ ಮನೆಗೆ ಹೋದ ವಾರದಲ್ಲೇ, ಲೈಸೆನ್ಸ್ ಮತ್ತು ವಾಹನ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಡಿವಿಎಲ್‌ಎಯಲ್ಲಿ ಲೈಸೆನ್ಸ್ ಮತ್ತು ವಿ5ಸಿ ಎರಡರ ವಿಳಾಸವನ್ನೂ ಬದಲಿಸಿ. ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ.