ಕೇಕ್ ಬಿಡಲಿಲ್ಲ, ಡಬ್ಬಿ ಬಿಟ್ಟೆ: ಹುಟ್ಟುಹಬ್ಬಗಳ ನಡುವೆ ತೂಕ ಇಳಿಸಿದ ನನ್ನ ಅನುಭವ

ಹುಟ್ಟುಹಬ್ಬದ ಕೇಕ್ ತಿಂದುಕೊಂಡು ತೂಕ ಇಳಿಸೋಕಾಗಲ್ಲ ಅಂತ ನನಗೆ ಹೇಳದವರೇ ಇಲ್ಲ. ಜಿಮ್ಮಿನ ಟ್ರೈನರ್ ಹೇಳಿದರು, ನಮ್ಮ ಮನೆಯವರು ಹೇಳಿದರು, ಜೀವನದಲ್ಲಿ ಒಂದು ದಿನವೂ ಡಯಟ್ ಮಾಡದ ನನ್ನ ತಂಗಿ ಕೂಡ ಹೇಳಿದಳು. ಈಗ ಹೆಚ್ಚುಕಡಿಮೆ 13 ಕೆಜಿ ಇಳಿದಿದೆ. ಒಂದೂವರೆ ವರ್ಷದ ಮೇಲೆ ಹಿಡಿಯಿತು, ನಿಜ. ಆದರೆ ಆ ಅಷ್ಟೂ ದಿನ ಕೇಕ್ ತಿಂದಿದ್ದೇನೆ, ಗ್ರೂಪ್ ಫೋಟೋಗಳಲ್ಲಿ ಸಾಕ್ಷಿ ಇದೆ. ಕ್ಯಾಲೊರಿ, ಡೆಫಿಸಿಟ್ (ಮೈ ಖರ್ಚು ಮಾಡುವುದಕ್ಕಿಂತ ಎಷ್ಟು ಕ್ಯಾಲೊರಿ ಕಮ್ಮಿ ತಿನ್ನುತ್ತೇವೋ ಅದು), ಪ್ರೋಟೀನ್ ಇವೆಲ್ಲ ನಿಮಗೆ ಗೊತ್ತು ಅಂದುಕೊಂಡೇ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಹೇಳುತ್ತಿರುವುದು, ಹತ್ತಿಪ್ಪತ್ತು ಅತ್ತಿತ್ತ ಆದರೆ ಜಗಳಕ್ಕೆ ಬರಬೇಡಿ.

ಮೊದಲು ಸೋತ ಕಥೆ, ಏಕೆಂದರೆ ದುಡ್ಡು ಹೋಗಿದ್ದು ಅಲ್ಲೇ.

ಆಫೀಸಿನಲ್ಲಿ ನಾವು ಮೂವತ್ತು ಮಂದಿ. ಅಂದರೆ ತಿಂಗಳಿಗೆ ಎರಡೋ ಮೂರೋ ಕೇಕ್ ಗ್ಯಾರಂಟಿ. ಅದರ ಮೇಲೆ ಪ್ರಮೋಷನ್, ಕೆಲಸ ಬಿಟ್ಟು ಹೋಗುವವರು, ಹೊಸದಾಗಿ ಬಂದವರು. ಮನೆಯಲ್ಲಿ ಇಬ್ಬರು ಮಕ್ಕಳು, ಅವರ ಸ್ನೇಹಿತರು, ಎರಡೂ ಕಡೆಯ ನೆಂಟರು. ಮೊದಮೊದಲು ಪೂರ್ತಿ ಬೇಡ ಅನ್ನುತ್ತಿದ್ದೆ. ಒಂದು ಸಲ ಬೇಡ ಅಂದರೆ ಹತ್ತು ನಿಮಿಷ ವಿಚಾರಣೆ. “ಯಾಕೆ ಮೇಡಂ, ಶುಗರ್ ಬಂತಾ?” “ಒಂದು ಪೀಸಿಗೆ ಏನೂ ಆಗಲ್ಲ ಬಿಡಿ.” ಅಷ್ಟೆಲ್ಲ ತಡೆದುಕೊಂಡು ಮನೆಗೆ ಬಂದು ಅರ್ಧ ಪ್ಯಾಕೆಟ್ ಬಿಸ್ಕತ್ತು ಖಾಲಿ ಮಾಡುತ್ತಿದ್ದೆ. ಲೆಕ್ಕ ಹಾಕಿದರೆ ಕೇಕೇ ಕಮ್ಮಿ ಇತ್ತು.

ಆಮೇಲೆ ಟ್ರೈನರ್ ಹೇಳಿದ ದಾರಿ. ಕೇಕ್ ಇರುವ ದಿನ ಬೆಳಿಗ್ಗೆ ತಿಂಡಿ ಬಿಡಿ, ಊಟ ಅರ್ಧ ಮಾಡಿ, ಕ್ಯಾಲೊರಿ ಉಳಿಸಿಕೊಳ್ಳಿ. ಕಾಗದದ ಮೇಲೆ ಚೆನ್ನಾಗಿದೆ. ಸಂಜೆ ನಾಲ್ಕಕ್ಕೆ ಹೊಟ್ಟೆ ಚುರುಗುಟ್ಟುತ್ತಿರುವಾಗ ಕೇಕ್ ಡಬ್ಬಿ ತೆಗೆದರೆ ಯಾರಪ್ಪನಿಂದಲೂ ಒಂದು ಪೀಸಿಗೆ ನಿಲ್ಲಿಸೋಕಾಗಲ್ಲ. ಎರಡು ಪೀಸ್, ಕೈತುಂಬ ಚಿಪ್ಸ್, ಒಂದು ಲೋಟ ಕೋಲಾ, ಅಲ್ಲಿಗೆ 1,200 ಹತ್ತಿರ ಹೋಯಿತು. ಉಳಿಸಿದ್ದು 600.

ನಡೆದು ಕರಗಿಸುವುದನ್ನೂ ನೋಡಿದೆ. ನನ್ನ ತೂಕದವರಿಗೆ ಒಂದು ಕಿಲೋಮೀಟರಿಗೆ ಹತ್ತಿರತ್ತಿರ 50 ರಿಂದ 60 ಕ್ಯಾಲೊರಿ. ಒಂದು ಒಳ್ಳೆಯ ಪೀಸಿಗೆ ಏಳೆಂಟು ಕಿಲೋಮೀಟರ್ ನಡೆಯಬೇಕು. ತಿಂಗಳಿಗೆ ಮೂರು ಸಲ ರಾತ್ರಿ ಒಂದೂವರೆ ಗಂಟೆ ನಡೆಯೋರು ಯಾರು?

ಇನ್ನು ಶುಗರ್‌ಫ್ರೀ ಕೇಕ್. ಮಾಮೂಲಿ ಕೇಕಿನ ಎರಡು ಪಟ್ಟಿಗಿಂತ ಜಾಸ್ತಿ ಬೆಲೆ ಕೊಟ್ಟು ತರಿಸಿದೆ. ಲೇಬಲ್ ಓದಿದರೆ ಸಕ್ಕರೆ ಇಲ್ಲ, ಅದರ ಬದಲು ಸಿಹಿಗೆ ಹಾಕುವ ಮಾಲ್ಟಿಟಾಲ್ ಇದೆ. ಮೈದಾ ಅಷ್ಟೇ, ಬೆಣ್ಣೆ ಅಷ್ಟೇ. ಮಾಲ್ಟಿಟಾಲಿಗೂ ಗ್ರಾಮಿಗೆ ಎರಡು ಕ್ಯಾಲೊರಿ ಮೇಲೇ ಇದೆ, ಸಕ್ಕರೆಗೆ ನಾಲ್ಕು. ಒಟ್ಟು ಕೇಕಿನಲ್ಲಿ ವ್ಯತ್ಯಾಸ ಅಷ್ಟಕ್ಕಷ್ಟೆ. ಶುಗರ್‌ಫ್ರೀ ಅಂತ ಧೈರ್ಯವಾಗಿ ಮೂರು ಪೀಸ್ ತಿಂದವರೆಲ್ಲ ಮರುದಿನ ಹೊಟ್ಟೆ ಹಿಡಿದುಕೊಂಡು ಓಡಾಡಿದರು. ಆ ಸಕ್ಕರೆ ಬದಲಿಗಳು ಜಾಸ್ತಿ ಆದರೆ ಗ್ಯಾಸು, ಭೇದಿ ಖಂಡಿತ. ಪ್ರೋಟೀನ್ ಬಾರ್ ಡಬ್ಬಗಟ್ಟಲೆ ತರಿಸಿದ್ದೂ ಆಯಿತು. ಬಾರೂ ತಿಂದೆ, ಕೇಕೂ ತಿಂದೆ. ಈ ಎರಡಕ್ಕೆ ಸುರಿದ ದುಡ್ಡಿನಲ್ಲಿ ಒಂದು ವರ್ಷದ ಜಿಮ್ ಫೀಸ್ ಕಟ್ಟಬಹುದಿತ್ತು.

ಎಲ್ಲಕ್ಕಿಂತ ಕಮ್ಮಿ ದುಡ್ಡಿಗೆ ಬಂದದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿ. ಕೆಲಸ ಮಾಡಿದ್ದೂ ಅದೇ.

ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಆಫೀಸಿಗೆ ಹೋದೆ. ನಕ್ಕರು, ನಗಲಿ. ಕಾಗದದ ತಟ್ಟೆ ಇಟ್ಟು ಸೊನ್ನೆ ಮಾಡಿ ಪೀಸ್ ಇಟ್ಟರೆ 118 ಗ್ರಾಂ ಬಂತು. ಪ್ಲಾಸ್ಟಿಕ್ ಚಾಕುವಿನಲ್ಲಿ ಕ್ರೀಮನ್ನೆಲ್ಲ ಕೆರೆದು ಇನ್ನೊಂದು ತಟ್ಟೆಗೆ ಹಾಕಿದೆ. ಮೇಲಿನ ಹೂವು, ಪಕ್ಕದ ಗೋಡೆ, ನಡುವಿನ ಪದರ ಎಲ್ಲ ಸೇರಿ 45 ಗ್ರಾಂ ಹತ್ತಿರ. ಬೆಣ್ಣೆ ಮತ್ತು ಸಕ್ಕರೆಯ ಕ್ರೀಮ್ ಅದು, 100 ಗ್ರಾಮಿಗೆ 450 ಅಂತ ಹಿಡಿದರೂ 200 ಕ್ಯಾಲೊರಿ ಅಲ್ಲೇ ಕೂತಿದೆ. ಅಂದರೆ ಪೀಸಿನ ಹತ್ತಿರತ್ತಿರ ಅರ್ಧ ಕ್ಯಾಲೊರಿ. ನನಗೆ ಕ್ರೀಮ್ ಅಷ್ಟೇನೂ ಇಷ್ಟ ಇಲ್ಲ, ಸುಮ್ನೆ ತಟ್ಟೆಯಲ್ಲಿದೆ ಅಂತ ತಿನ್ನುತ್ತಿದ್ದೆ. ನಿಮಗೆ ಕ್ರೀಮೇ ಪ್ರಾಣ ಅಂದರೆ ಅದನ್ನಿಟ್ಟುಕೊಂಡು ಕೆಳಗಿನದು ಬಿಡಿ, ಲೆಕ್ಕ ಒಂದೇ.

ಆದರೆ ನಿಜವಾದ ಕಳ್ಳ ಸಿಕ್ಕಿದ್ದು ಆಫೀಸಿನಲ್ಲಲ್ಲ, ಮನೆಯ ಫ್ರಿಜ್ಜಿನಲ್ಲಿ. ದೊಡ್ಡ ಮಗಳ ಹುಟ್ಟುಹಬ್ಬಕ್ಕೆ 2 ಕೆಜಿ ಕೇಕ್ ತಂದಿದ್ದೆವು, ಬಂದವರು ಹನ್ನೆರಡು ಮಂದಿ. ರಾತ್ರಿ ಮಿಕ್ಕಿದ್ದನ್ನು ತೂಗಿದರೆ 900 ಗ್ರಾಂ ಮೇಲಿತ್ತು. ಅದನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟು, ದಿನಾ ಎಷ್ಟು ಇಳಿಯುತ್ತದೆ ಅಂತ ಬರೆದಿಟ್ಟೆ. ಮಕ್ಕಳು ಎರಡನೇ ದಿನಕ್ಕೇ ಬೇಜಾರು ಮಾಡಿಕೊಂಡರು. ಮನೆಯವರು ಒಂದು ಪೀಸ್ ತಿಂದರು. ಉಳಿದ 600 ಗ್ರಾಂ ಹೋಗಿದ್ದು ನನ್ನ ಹೊಟ್ಟೆಗೆ, ಅದೂ ಚಮಚದಲ್ಲಿ, ಫ್ರಿಜ್ ಬಾಗಿಲು ಹಿಡಿದುಕೊಂಡು, ನಿಂತಲ್ಲೇ. 2,300 ಕ್ಯಾಲೊರಿ ಅಂದುಕೊಳ್ಳಿ. ಆಗ ನನ್ನ ಡೆಫಿಸಿಟ್ ದಿನಕ್ಕೆ 400, ವಾರಕ್ಕೆ 2,800. ಅಂದರೆ ವಾರದ ಉಳಿತಾಯದ ಬಹುಪಾಲು ಆ ಡಬ್ಬಿಗೇ ಹೋಯಿತು. ಹುಟ್ಟುಹಬ್ಬದ ದಿನ ತಿಂದದ್ದು ಒಂದೇ ಪೀಸ್, ಬರೀ 430! ಎಲ್ಲರೂ ಆ 430ರ ಮೇಲೆ ಕಣ್ಣಿಟ್ಟು ಬುದ್ಧಿ ಹೇಳುತ್ತಿದ್ದರು, ಡಬ್ಬಿಯ ಬಗ್ಗೆ ಒಬ್ಬರೂ ಮಾತಾಡಿರಲಿಲ್ಲ.

ಅಲ್ಲಿಂದ ವಿಧಾನವೇ ಬದಲಾಯಿತು. ಕೇಕನ್ನು ತಲೆಲೆಕ್ಕದಲ್ಲಿ ತರಿಸುವುದು. ದೊಡ್ಡವರಿಗೆ 70 ಗ್ರಾಂ, ಮಕ್ಕಳಿಗೆ 50. ಹತ್ತು ಮಂದಿಗೆ ಮುಕ್ಕಾಲು ಕೆಜಿ ಸಾಕೋ ಸಾಕು. “ಜನ ನಮ್ಮನ್ನ ಜುಗ್ಗರು ಅಂತಾರೆ ಕಣೇ” ಅಂತ ಮನೆಯವರು ಮುಖ ಸಣ್ಣ ಮಾಡಿಕೊಂಡರು. ಯಾರೂ ಅನ್ನಲಿಲ್ಲ. ಎರಡನೇ ಪೀಸ್ ಕೇಳಿದವರು ಯಾರೋ ಒಬ್ಬರು, ಅವರಿಗೆ ನನ್ನ ಕ್ರೀಮ್ ಕೊಟ್ಟೆ. ಅಪ್ಪಿತಪ್ಪಿ ಮಿಕ್ಕಿದರೆ ಬಂದವರು ಚಪ್ಪಲಿ ಹಾಕಿಕೊಳ್ಳುವ ಮೊದಲೇ ಕಟ್ಟಿ ಕೈಗೆ ಕೊಡುವುದು. ಕೇಕಿನ ಖರ್ಚು ಅರ್ಧಕ್ಕಿಂತ ಕೆಳಗೆ ಬಂತು. ಇದು ಕಂಡ ಮೇಲೆ ಮನೆಯವರು ಜುಗ್ಗತನದ ಮಾತು ಎತ್ತಿಲ್ಲ.

ಮಕ್ಕಳ ಪಾರ್ಟಿಯಲ್ಲಿ ಇನ್ನೊಂದಿದೆ, ಅಮ್ಮಂದಿರಿಗೆ ಗೊತ್ತು. ಮಕ್ಕಳು ಎರಡು ಚಮಚ ತಿಂದು ತಟ್ಟೆ ಬಿಟ್ಟು ಆಡೋಕೆ ಓಡುತ್ತಾರೆ, ದಂಡ ಆಗುತ್ತಲ್ಲ ಅಂತ ನಾವು ಬಾಯಿಗೆ ಹಾಕಿಕೊಳ್ಳುತ್ತೇವೆ. ಈಗ ತಟ್ಟೆ ಎತ್ತುವ ಕೆಲಸ ನಮ್ಮ ಮನೆಯವರದ್ದು. ಅವರ ತೂಕ ಎಷ್ಟಾಯಿತು ಅಂತ ಕೇಳಬೇಡಿ.

ಆಫೀಸಿನ ಕಡೆ ಸ್ವಲ್ಪ ರಾಜಕೀಯ ಮಾಡಬೇಕಾಯಿತು. ತಿಂಗಳಿಗೆ ಇಷ್ಟು ಅಂತ ಎಲ್ಲರೂ ಕೇಕ್ ಚಂದಾ ಕೊಡುತ್ತೇವೆ. ಕೊಟ್ಟ ಮೇಲೆ ವಸೂಲಿ ಮಾಡದೆ ಬಿಡೋಕೆ ಮನಸ್ಸು ಬರಲ್ಲ, ಅಲ್ವಾ? ತಿಂಗಳ ಎಲ್ಲ ಹುಟ್ಟುಹಬ್ಬಕ್ಕೂ ಸೇರಿಸಿ ಕೊನೆಯ ಶುಕ್ರವಾರ ಒಂದೇ ಕೇಕ್ ಮಾಡೋಣ ಅಂತ ನಾನು ಹೇಳಿದಾಗ ತೂಕದ ಸುದ್ದಿಯೇ ಎತ್ತಲಿಲ್ಲ, ಬರೀ ದುಡ್ಡು ಉಳಿಯುತ್ತದೆ ಅಂದೆ. ಎರಡೇ ನಿಮಿಷದಲ್ಲಿ ಒಪ್ಪಿದರು. ಉಳಿದ ಚಂದಾದಲ್ಲಿ ವರ್ಷದ ಕೊನೆಗೆ ಒಂದು ಒಳ್ಳೆಯ ಕಾಫಿ ಮೆಷೀನ್ ಬಂತು. ಇದನ್ನು ನಾನೇ ಮಾಡಿಸಿದ್ದು ಅಂತ ಆಗಾಗ ನೆನಪಿಸುತ್ತಿರುತ್ತೇನೆ.

ಆ ಶುಕ್ರವಾರಕ್ಕೆ ಒಂದೇ ದಿನ ಹೊಟ್ಟೆ ಕಟ್ಟುವುದಿಲ್ಲ. ಸೋಮವಾರದಿಂದ ಗುರುವಾರದವರೆಗೆ ದಿನಾ 100 ಕ್ಯಾಲೊರಿ ಕಮ್ಮಿ, ಅಷ್ಟೇ. ಗೊತ್ತೂ ಆಗಲ್ಲ. ಶುಕ್ರವಾರ ತಿಂಡಿ, ಊಟ ಎರಡೂ ಮಾಮೂಲಿ. ಮೂರೂವರೆಗೆ ಎರಡು ಬೇಯಿಸಿದ ಮೊಟ್ಟೆ, ಒಂದು ದೊಡ್ಡ ಲೋಟ ನೀರು. ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟೋಕೆ ಹದಿನೈದು ಇಪ್ಪತ್ತು ನಿಮಿಷ ಬೇಕು, ಅದಕ್ಕೆ ನಾಲ್ಕಕ್ಕೆ ಸರಿಹೋಗುತ್ತದೆ. ಆಮೇಲೆ ಒಂದು ಪೀಸ್, ಕೂತುಕೊಂಡು, ಮೇಜಿನಿಂದ ದೂರ. ಕೋಲಾ ಮುಟ್ಟಲ್ಲ, 330 ಎಂಎಲ್‌ಗೆ 140 ಕ್ಯಾಲೊರಿ, ಅದರಲ್ಲಿ ಮಜಾನೂ ಇಲ್ಲ. ಚಿಪ್ಸ್ ಅಂತೂ 100 ಗ್ರಾಮಿಗೆ 530 ಮೇಲೆ, ಕೇಕಿಗಿಂತ ಜಾಸ್ತಿ. ಆದರೂ ಚಿಪ್ಸಿಗೆ ಯಾರೂ ಬೈಯಲ್ಲ, ಬೈಗುಳವೆಲ್ಲ ಕೇಕಿಗೇ.

ಬಲವಂತ ಮಾಡುವವರಿಗೆ ನಾನೊಂದು ಮಾತು ಹೇಳುತ್ತೇನೆ, ಒಂದೇ ಸಾಲು, ಆಮೇಲೆ ಅವರು ತಟ್ಟೆ ತೆಗೆದುಕೊಂಡು ತಾವೇ ಹೋಗುತ್ತಾರೆ. ಅದನ್ನು ಇಲ್ಲಿ ಬರೆಯಲ್ಲ. ನಮ್ಮ ಆಫೀಸಿನವರು ಓದಿಬಿಟ್ಟರೆ ನಾಳೆಯಿಂದ ಕೆಲಸ ಮಾಡಲ್ಲ. ಅಷ್ಟು ಹೇಳಬಲ್ಲೆ: ಖಾಲಿ ಕೈಯಲ್ಲಿ ನಿಲ್ಲಬೇಡಿ. ಕೈಯಲ್ಲಿ ಕಾಫಿ ಕಪ್ ಇದ್ದವರ ಹತ್ತಿರ ತಟ್ಟೆ ಬರುವುದು ತೀರಾ ಕಮ್ಮಿ.

ಮರುದಿನ ತೂಕದ ಮೆಷೀನ್ ಹತ್ತಬೇಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಬೇಕಂತಲೇ ಹತ್ತಿದೆ. ಒಂದೂಕಾಲು, ಒಂದೂವರೆ ಕೆಜಿ ಏರಿರುತ್ತದೆ. ಕೊಬ್ಬಿನಲ್ಲಿ 1 ಕೆಜಿ ಏರಬೇಕು ಅಂದರೆ 7,700 ಕ್ಯಾಲೊರಿ ಹೆಚ್ಚುವರಿ ತಿನ್ನಬೇಕು, ಅಂದರೆ ಮೂರು ಹೊತ್ತಿನ ಊಟದ ಮೇಲೆ ಒಬ್ಬರೇ 2 ಕೆಜಿ ಕೇಕ್. ಯಾರು ತಿಂದಿದ್ದಾರೆ? ಅದು ನೀರು. ತಿಂದ ಸಕ್ಕರೆ, ಹಿಟ್ಟನ್ನು ಮೈ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ, ಅದರ ಒಂದೊಂದು ಗ್ರಾಂ ಜೊತೆ ಮೂರು ಗ್ರಾಂ ನೀರು ಬರುತ್ತದೆ, ಚಿಪ್ಸಿನ ಉಪ್ಪು ಇನ್ನಷ್ಟು ಹಿಡಿದಿಡುತ್ತದೆ. ನನಗೆ ಮೂರು ನಾಲ್ಕು ದಿನದಲ್ಲಿ ಇಳಿಯುತ್ತದೆ. ಈ ಏರಿಳಿತ ಬರೆದಿಟ್ಟ ಹಾಳೆ ಟ್ರೈನರಿಗೆ ತೋರಿಸಿದೆ. “ನಿಮ್ಮ ಬಾಡಿ ಬೇರೆ ಥರ ಮೇಡಂ” ಅಂದರು. ಒಪ್ಪಿಕೊಳ್ಳೋಕೆ ಎಷ್ಟು ಕಷ್ಟ ನೋಡಿ!

ದಾರಿಯಲ್ಲಿ ಸುಮಾರು ಪ್ರಯೋಗ ಮಾಡಿದೆ. ಸಕ್ಕರೆ ತೆಗೆದು ಖರ್ಜೂರ ಹಾಕಿ ಮನೆಯಲ್ಲೇ ಕೇಕ್ ಮಾಡಿದೆ, ಕ್ಯಾಲೊರಿ ಹೆಚ್ಚೇನೂ ಕಮ್ಮಿ ಆಗಲಿಲ್ಲ, ಮಕ್ಕಳು ಮೂಸಿಯೂ ನೋಡಲಿಲ್ಲ. ಕೇಕ್ ತಿಂದ ತಕ್ಷಣ ಹಲ್ಲುಜ್ಜುವುದು ಚೆನ್ನಾಗಿ ಕೆಲಸ ಮಾಡಿತು, ಪುದೀನ ಪೇಸ್ಟ್ ಬಾಯಲ್ಲಿದ್ದಾಗ ಚಿಪ್ಸೂ ರುಚಿಸಲ್ಲ. ಆಫೀಸ್ ಡ್ರಾಯರಿನಲ್ಲಿ ಬ್ರಷ್ ಈಗಲೂ ಇದೆ.

ಎಲ್ಲಕ್ಕಿಂತ ಒಳ್ಳೆಯ ಪ್ರಯೋಗ ಫ್ರೀಜರಿನದ್ದು. ಯಾರಾದರೂ ದೊಡ್ಡ ಕೇಕ್ ತಂದುಕೊಟ್ಟರೆ, ವಾಪಸ್ ಕೊಡೋಕಾಗಲ್ಲ ಅಂತಾದರೆ, ಅದೇ ರಾತ್ರಿ 50 ಗ್ರಾಂ ಚೌಕ ಕತ್ತರಿಸಿ, ಒಂದೊಂದನ್ನೂ ಬಿಗಿಯಾಗಿ ಸುತ್ತಿ ಫ್ರೀಜರಿಗೆ. ಕಲ್ಲಾದ ಕೇಕ್ ತಿನ್ನುವ ಹದಕ್ಕೆ ಬರೋಕೆ ಅರ್ಧ ಮುಕ್ಕಾಲು ಗಂಟೆ ಬೇಕು. ಫ್ರಿಜ್ ಬಾಗಿಲು ಹಿಡಿದು ಚಮಚ ಹಾಕುವ ಚಟ ಅಲ್ಲಿಗೆ ನಿಂತಿತು, ನಿಜವಾಗಿ ಬೇಕು ಅನ್ನಿಸಿದಾಗ ಮಾತ್ರ ತೆಗೆದಿಡುತ್ತೇನೆ. ಕ್ರೀಮ್ ಇಲ್ಲದ ಸ್ಪಾಂಜು, ಚಾಕೊಲೇಟ್ ಕೇಕು, ಹಣ್ಣಿನ ಕೇಕು ಚೆನ್ನಾಗಿ ಬರುತ್ತವೆ. ಹಾಲಿನ ಕ್ರೀಮ್ ಹಾಕಿದ್ದು ಕರಗುವಾಗ ನೀರು ಬಿಟ್ಟಿತು, ಕೆಳಗಿನ ಪದರ ಒದ್ದೆ. ಸುತ್ತುವುದರಲ್ಲೂ ಒಂದು ಕೈಚಳಕ ಇದೆ, ಅದು ತಂಗಿಗೂ ಹೇಳಿಲ್ಲ.

ನನಗೆ ಇನ್ನೂ ದಾರಿ ಸಿಕ್ಕದಿರುವುದು ಐಸ್‌ಕ್ರೀಮ್ ಕೇಕಿಗೆ. ಅದು ಫ್ರೀಜರಿನಿಂದ ನೇರ ಬಾಯಿಗೆ, ಕಾಯುವ ಮಾತೇ ಇಲ್ಲ. ಅರ್ಧ ಕರಗಿದ್ದನ್ನು ಕಟ್ಟಿ ಕೊಟ್ಟರೆ ಮನೆ ಮುಟ್ಟುವಷ್ಟರಲ್ಲಿ ನೆಂಟರ ಬ್ಯಾಗೆಲ್ಲ ಹಾಳು. ಅದನ್ನು ನಮ್ಮ ಮನೆಗೇ ತರಬೇಡಿ ಅಂತ ಎಲ್ಲರಿಗೂ ಹೇಳಿಟ್ಟಿದ್ದೇನೆ. ಯಾರಾದರೂ ಗೆದ್ದಿದ್ದರೆ ತಿಳಿಸಿ, ಬದಲಿಗೆ ಸುತ್ತುವ ಕೈಚಳಕ ಹೇಳಿಕೊಡುತ್ತೇನೆ.